ಆ ಮೂವರು ಹುಡುಗಿಯರು ಯಾಕೆ ನಗುತ್ತಿಲ್ಲ?

ನಮ್ಮ ಫೋಟೊ ಸ್ಟುಡಿಯೊದ ಗೋಡೆಗೆ ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರ ‘ತ್ರೀ ಗರ್ಲ್ಸ್’ ಚಿತ್ರದ ಪ್ರಿಂಟ್ ಹಾಕಿದ್ದೇನೆ. ಕಲಬುರಗಿಯ ಸೂಪರ್ ಮಾರ್ಕೆಟ್‌ಗೆ ಸಂತೆಗೆಂದು ಬಂದವರು ಹಾಗೇ ಪಾಸ್‌ಪೋರ್ಟ್ ಫೋಟೊಗೂ ಬರುತ್ತಾರೆ. ಕಾಯುತ್ತಾ ಕೂತಾಗ ಅದನ್ನೇ ನೋಡುತ್ತಾರೆ. “ಮೂವರೂ ಜಗಳ ಮಾಡ್ಕೊಂಡು ಕುಂತಾರೇನ್ರಿ ಅಕ್ಕಾರ?” ಅಂತ ಒಬ್ಬರು. “ಯಾರೋ ಸತ್ತಂಗ ಕಾಣ್ತದ” ಅಂತ ಇನ್ನೊಬ್ಬರು. ಆದರೆ ಜಾಸ್ತಿ ಜನ ಹೇಳುವುದು ಒಂದೇ: “ಮದುವಿ ಮಾಡ್ಲತ್ತಾರ, ಹುಡುಗೇರಿಗಿ ಮನಸ್ಸಿಲ್ಲ.”

ಚಿತ್ರಕಲೆ ಬಗ್ಗೆ ಬರೆಯುವವರೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ. ತಮ್ಮ ಕೈಯಲ್ಲಿಲ್ಲದ ಬದುಕಿಗೆ ಕಾಯುತ್ತಿರುವ ಹುಡುಗಿಯರಂತೆ. ಇರಬಹುದು. ನನಗೆ ಪೂರ್ತಿ ಒಪ್ಪಿಗೆ ಇಲ್ಲ.

ನಾವು ಎಸ್.ಎಂ. ಪಂಡಿತರ ಊರಿನವರು. ಅವರು 1916ರಲ್ಲಿ ಇಲ್ಲೇ ಹುಟ್ಟಿದವರು, ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್, ದೇವರ ಕ್ಯಾಲೆಂಡರ್‌ಗಳಿಂದ ಹೆಸರಾದವರು. ಅಂಥ ಚಿತ್ರಗಳಲ್ಲಿ ಸಿಟ್ಟಿದ್ದರೆ ಹುಬ್ಬಿನಲ್ಲೇ ಕಾಣುತ್ತದೆ, ಪ್ರೀತಿ ಇದ್ದರೆ ಕಣ್ಣಿನಲ್ಲೇ. ಕ್ಯಾಲೆಂಡರ್ ನೋಡಿ ಬೆಳೆದ ಕಣ್ಣು ಎಲ್ಲ ಚಿತ್ರದಲ್ಲೂ ಮೊದಲು ಮುಖವನ್ನೇ ಹುಡುಕುತ್ತದೆ. ಶೇರ್‌ಗಿಲ್ ಅಲ್ಲಿ ಏನೂ ಕೊಡುವುದಿಲ್ಲ. ಅಳು ಇಲ್ಲ, ಸಿಟ್ಟಿಲ್ಲ. ಮೂವರೂ ಒತ್ತಾಗಿ ಕೂತಿದ್ದಾರೆ, ಆದರೆ ಒಬ್ಬರನ್ನೊಬ್ಬರು ನೋಡುತ್ತಿಲ್ಲ, ನಮ್ಮನ್ನೂ ನೋಡುತ್ತಿಲ್ಲ. ಹಿಂದೆ ಮನೆ ಇಲ್ಲ, ಕಿಟಕಿ ಇಲ್ಲ, ಬರೀ ಬಣ್ಣ. ಎಲ್ಲಿ ಕೂತಿದ್ದಾರೆ, ಯಾಕೆ ಕೂತಿದ್ದಾರೆ ಗೊತ್ತಾಗುವುದಿಲ್ಲ. ಆ ಖಾಲಿ ಜಾಗಕ್ಕೆ ನಾವೇ ಒಂದು ಮದುವೆ ತಂದು ಕೂರಿಸುತ್ತೇವೆ.

ನಾನು ಇದನ್ನು ಹೇಳುವುದು ಸುಮ್ನೆ ಅಲ್ಲ. ವರನ ಕಡೆಗೆ ಕಳಿಸುವ ಫೋಟೊಗೆ ಹುಡುಗಿಯರು ನಮ್ಮಲ್ಲಿಗೆ ಬರುತ್ತಾರೆ. ತಾಯಿ ಪಕ್ಕದಲ್ಲಿ ನಿಂತು “ನಗು ಬೇ” ಅನ್ನುತ್ತಾರೆ. ನಾನು ಸೆರಗು ಸರಿ ಮಾಡುತ್ತೇನೆ, ಗದ್ದ ಸ್ವಲ್ಪ ಕೆಳಗೆ ಅನ್ನುತ್ತೇನೆ. ಕ್ಲಿಕ್ ಆದ ಕೂಡಲೇ ನಗು ಬಿದ್ದು ಹೋಗುತ್ತದೆ, ಭುಜ ಇಳಿಯುತ್ತದೆ, ಕಣ್ಣು ಎಲ್ಲೋ ಹೋಗುತ್ತದೆ. ಮುಂದಿನ ಕ್ಲಿಕ್‌ವರೆಗೆ ಆ ಮುಖ ಯಾರಿಗೂ ಉತ್ತರ ಕೊಡಬೇಕಿಲ್ಲ. ಶೇರ್‌ಗಿಲ್ ಬರೆದದ್ದು ಆ ಹೊತ್ತಿನ ಮುಖವನ್ನು ಅಂತ ನನ್ನ ಲೆಕ್ಕ. ಅದರಲ್ಲಿ ದಣಿವಿದೆ, ಬೇಸರವೂ ಇರಬಹುದು. ಜೊತೆಗೆ ಸ್ವಲ್ಪ ಬಿಡುಗಡೆಯೂ ಇದೆ.

ಹಾಗಾದರೆ ನೋಡಿದವರಿಗೆಲ್ಲ ಎದೆ ಭಾರ ಆಗುವುದು ಯಾಕೆ? ಅದು ಪ್ರಿಂಟ್ ಹಾಕುವಾಗ ತಿಳಿಯಿತು. ನಮ್ಮ ಸಾಫ್ಟ್‌ವೇರ್‌ಗೆ ಒಂದು ಚಟ ಇದೆ, ಯಾವ ಮುಖ ಕಂಡರೂ ಬೆಳ್ಳಗೆ ಮಾಡುತ್ತದೆ. (ಗಿರಾಕಿಗಳಿಗೂ ಅದೇ ಬೇಕು, ಆ ಮಾತು ಇನ್ನೊಮ್ಮೆ.) ಹಾಗೆ ತಿಳಿಯಾಗಿ ಬಂದ ಮೊದಲ ಪ್ರಿಂಟ್‌ನಲ್ಲಿ ಹುಡುಗಿಯರು ಬಸ್ಸಿಗೆ ಕಾಯುವವರ ಹಾಗೆ ಕಂಡರು. ಕಣ್ಣು, ತುಟಿ, ಕೂತ ರೀತಿ ಯಾವುದೂ ಬದಲಾಗಿರಲಿಲ್ಲ. ಆಟೊ ಕರೆಕ್ಷನ್ ತೆಗೆದು, ಮೈಬಣ್ಣದ ಕಂದು, ನೆರಳು ಎಲ್ಲ ಇದ್ದ ಹಾಗೇ ಬಿಟ್ಟು ಮತ್ತೆ 12-18 ಇಂಚಿನ ಸೈಜಿನಲ್ಲಿ ತೆಗೆದೆ. ಭಾರ ವಾಪಸ್ ಬಂತು. ಬಟ್ಟೆಯ ಬಣ್ಣ ಎದ್ದು ಕಾಣುತ್ತದೆ, ಮುಖ ಹಿಂದೆ ಸರಿಯುತ್ತದೆ. ನೋವು ಅಂತ ನಾವು ಓದುವುದು ಆ ಎರಡರ ನಡುವಿನ ಅಂತರವನ್ನೇ, ಅಲ್ವಾ?

ಈ ಚಿತ್ರ ಬರೆದಾಗ, 1935ರಲ್ಲಿ, ಶೇರ್‌ಗಿಲ್‌ಗೆ 22 ವರ್ಷ. ಪ್ಯಾರಿಸ್‌ನಲ್ಲಿ ಕಲಿತು ಆಗಷ್ಟೇ ವಾಪಸ್ ಬಂದಿದ್ದರು. 1937ರಲ್ಲಿ ಬಾಂಬೆ ಆರ್ಟ್ ಸೊಸೈಟಿ ಈ ಚಿತ್ರಕ್ಕೆ ಚಿನ್ನದ ಪದಕ ಕೊಟ್ಟಿತು. ಇಲ್ಲಿಯ ಬಡವರ ಮುಖದಲ್ಲಿ ತಾಳ್ಮೆ ಮತ್ತು ಶರಣಾಗತಿ ಕಂಡೆ ಅಂತ ಅವರೇ ಬರೆದಿದ್ದಾರೆ. ತಾಳ್ಮೆ ನನಗೂ ಕಾಣುತ್ತದೆ. ಶರಣಾಗತಿ ಈ ಮೂವರಲ್ಲಿ ಕಾಣುವುದಿಲ್ಲ. ಶರಣಾದವರು ಕ್ಯಾಮೆರಾ ನೋಡಿ ಅಂದರೆ ನೋಡುತ್ತಾರೆ.

ಮೂಲ ಚಿತ್ರ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಸಂಗ್ರಹದಲ್ಲಿದೆ. ಆ ಕಡೆ ಹೋದವರು ನೋಡಿ ಬಂದರೆ ಹೇಳಿ, ಅಲ್ಲಿಯ ಕೆಂಪು ನನ್ನ ಪ್ರಿಂಟ್‌ಗಿಂತ ಎಷ್ಟು ಮಂಕಾಗಿದೆ ಅಂತ. ಇನ್ನೊಂದು ಪ್ರಿಂಟ್ ತೆಗೆಯುವುದಿದೆ.