ಅಡ್ಮಿನ್ ಪ್ಯಾನೆಲ್ ಮರುವಿನ್ಯಾಸ: ಡೇಟಾಬೇಸ್‌ನಲ್ಲಿ ಇರುವುದೇ ಪರದೆಯಲ್ಲೂ ಕಾಣಬೇಕು

ಸಹಕಾರ ಸಂಘಗಳ ಲೆಕ್ಕಪತ್ರ ಮತ್ತು ಸದಸ್ಯರ ದಾಖಲೆಗಳನ್ನು ನಿರ್ವಹಿಸುವ ತಂತ್ರಾಂಶವೊಂದರ ತಂಡದಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ. ಅದರ ಹಿಂದಿರುವ ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ಬ್ರೌಸರ್‌ನಲ್ಲಿಯೇ ತೆರೆದು ನೋಡಲು, ತಿದ್ದಲು, ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಓಡಿಸಲು ನಮ್ಮಲ್ಲಿ ಒಂದು ಅಡ್ಮಿನ್ ಪ್ಯಾನೆಲ್ ಇದೆ. ಅದನ್ನು ಹೊಸದಾಗಿ ವಿನ್ಯಾಸಗೊಳಿಸುವುದು ಸದ್ಯ ನನ್ನ ಮುಖ್ಯ ಹೊಣೆ. ಇಂಥ ಸಾಧನಗಳು ಸಿದ್ಧರೂಪದಲ್ಲಿ ಸಿಗುವುದಿಲ್ಲವೆಂದಲ್ಲ. 1998ರಲ್ಲಿ ಆರಂಭವಾದ ಪಿಎಚ್‌ಪಿಮೈಅಡ್ಮಿನ್, ಬ್ರೌಸರ್‌ಗೆಂದೇ ಹೊಸದಾಗಿ ಬರೆಯಲ್ಪಟ್ಟು 2016ರಲ್ಲಿ ಬಿಡುಗಡೆಯಾದ ಪಿಜಿಅಡ್ಮಿನ್ 4, ಒಂದೇ ಪಿಎಚ್‌ಪಿ ಕಡತವಾಗಿ ಬರುವ ಅಡ್ಮಿನರ್, ಇವೆಲ್ಲ ಒಳ್ಳೆಯ ಸಾಧನಗಳೇ. ಆದರೆ ನಮ್ಮ ಪ್ಯಾನೆಲನ್ನು ಹೆಚ್ಚಾಗಿ ಬಳಸುವವರು ಡೆವಲಪರ್‌ಗಳಲ್ಲ, ಸಪೋರ್ಟ್ ವಿಭಾಗದವರು. ಸಂಘವೊಂದರ ಕಾರ್ಯದರ್ಶಿ ಕರೆ ಮಾಡಿ, ಸದಸ್ಯರೊಬ್ಬರ ಖಾತೆ ಕಾಣುತ್ತಿಲ್ಲವೆಂದಾಗ ಅವರು ಪರದೆಯಲ್ಲಿ ಕಂಡದ್ದನ್ನೇ ನಂಬಿ ಉತ್ತರ ಕೊಡುತ್ತಾರೆ, ಅದನ್ನೇ ನಂಬಿ ದಾಖಲೆ ತಿದ್ದುತ್ತಾರೆ. ಹೀಗಾಗಿ ಬಣ್ಣ, ಮೆನು, ಐಕಾನ್‌ಗಳ ಚರ್ಚೆಯನ್ನು ಹಿಂದಕ್ಕೆ ಸರಿಸಿ, ಡೇಟಾಬೇಸ್‌ನಲ್ಲಿ ಇರುವುದಕ್ಕೂ ಪರದೆ ತೋರಿಸುವುದಕ್ಕೂ ಎಲ್ಲೆಲ್ಲಿ ವ್ಯತ್ಯಾಸವಿದೆ ಎಂದು ಹುಡುಕುವುದನ್ನೇ ನಾವು ಮೊದಲ ಹಂತವಾಗಿ ಇಟ್ಟುಕೊಂಡೆವು. ಆ ಹಂತ ಬಹುಮಟ್ಟಿಗೆ ಮುಗಿದಿದೆ, ಮತ್ತು ನಾನು ಎಣಿಸಿದ್ದಕ್ಕಿಂತ ಹೆಚ್ಚು ಕಲಿಸಿದೆ.

ಸಂಖ್ಯೆಗಳಿಂದ ಆರಂಭಿಸುತ್ತೇನೆ. ಪೋಸ್ಟ್‌ಗ್ರೆಸ್‌ನ ದೊಡ್ಡ ಪೂರ್ಣಾಂಕಗಳಿಗೆಂದಿರುವ ಬಿಗ್‌ಇಂಟ್ ಮಾದರಿ 9223372036854775807ರವರೆಗೆ ಹಿಡಿಸುತ್ತದೆ. ಬ್ರೌಸರ್‌ನ ಜಾವಾಸ್ಕ್ರಿಪ್ಟ್‌ನಲ್ಲಿ ಸಾಮಾನ್ಯ ಸಂಖ್ಯೆಯಾಗಿ ನಿಖರವಾಗಿ ಉಳಿಯುವುದು 9007199254740991ರವರೆಗೆ ಮಾತ್ರ. ಅದನ್ನು ದಾಟಿದ ಗುರುತುಸಂಖ್ಯೆ ಜೇಸನ್ (ಸರ್ವರ್ ಬ್ರೌಸರ್‌ಗೆ ಡೇಟಾ ಕಳಿಸುವ ಪಠ್ಯರೂಪ) ಮೂಲಕ ಬಂದರೆ ಕೊನೆಯ ಅಂಕಿ ಸದ್ದಿಲ್ಲದೆ ಬದಲಾಗಬಹುದು; ...993 ಎಂದು ಮುಗಿಯಬೇಕಾದದ್ದು ...992 ಎಂದು ಕಾಣುತ್ತದೆ, ಆ ಸಂಖ್ಯೆಯಿಂದ ಹುಡುಕಿದರೆ ದಾಖಲೆ ಸಿಗುವುದಿಲ್ಲ, ಇಲ್ಲವೇ ಬೇರೊಬ್ಬರದು ಸಿಗುತ್ತದೆ. ಹೊಸ ಪ್ಯಾನೆಲ್‌ನಲ್ಲಿ ದೊಡ್ಡ ಪೂರ್ಣಾಂಕಗಳೂ ಹಣದ ಮೊತ್ತಗಳೂ ಸರ್ವರ್‌ನಿಂದ ಪಠ್ಯವಾಗಿಯೇ ಬರುತ್ತವೆ.

ದಿನಾಂಕದ ವಿಷಯವೂ ಇಂಥದ್ದೇ. ನಮ್ಮ ಸರ್ವರ್ ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿ ನಡೆಯುತ್ತದೆ. ಏಪ್ರಿಲ್ 1ರ ನಸುಕಿನ ಎರಡು ಗಂಟೆಗೆ ದಾಖಲಾದ ಜಮೆ ಹಳೆಯ ಪರದೆಯಲ್ಲಿ ಮಾರ್ಚ್ 31ರ ರಾತ್ರಿ 8.30 ಎಂದು ಕಾಣುತ್ತಿತ್ತು, ಅಂದರೆ ಪರದೆಯ ಮಟ್ಟಿಗೆ ಅದು ಹಿಂದಿನ ಹಣಕಾಸು ವರ್ಷಕ್ಕೆ ಸೇರಿಹೋಗುತ್ತಿತ್ತು. ಈಗ ಪ್ರತಿ ಸೆಷನ್ ಆರಂಭವಾಗುವಾಗಲೇ ಕಾಲವಲಯವನ್ನು ಭಾರತದ್ದಕ್ಕೆ ಹೊಂದಿಸಿ, ಸಮಯದ ಪಕ್ಕದಲ್ಲಿ +05:30 ಎಂದು ಬರೆದೇ ತೋರಿಸುತ್ತೇವೆ.

ಹೆಚ್ಚು ಶ್ರಮ ಬೇಡಿದ್ದು ಕನ್ನಡದ ಪಠ್ಯ. ಕಾಲಂ ಕಿರಿದಾಗಿದ್ದರೆ ಹಳೆಯ ಪ್ಯಾನೆಲ್ ಪಠ್ಯವನ್ನು ಸರ್ವರ್‌ನಲ್ಲಿಯೇ ಕತ್ತರಿಸಿ ಕಳಿಸುತ್ತಿತ್ತು. ‘ಲಕ್ಷ್ಮಿ’ ಎಂಬುದು ಓದುವವರಿಗೆ ಎರಡೇ ಅಕ್ಷರ, ಯೂನಿಕೋಡ್‌ನಲ್ಲಿ ಏಳು ಸಂಕೇತಗಳು. ನಡುವೆ ಕತ್ತರಿ ಬಿದ್ದರೆ ಉಳಿಯುವುದು ಯಾರ ಹೆಸರೂ ಅಲ್ಲದ ತುಂಡು. ಅಕ್ಷರದ ಗಡಿಗಳನ್ನು ಗುರುತಿಸುವ ಬ್ರೌಸರ್‌ನ ಸೆಗ್ಮೆಂಟರ್ ಸೌಲಭ್ಯವನ್ನು ನೆಚ್ಚಿಕೊಳ್ಳೋಣವೆಂದರೆ, ದೇವನಾಗರಿ, ತೆಲುಗು, ಮಲಯಾಳಂ ಮೊದಲಾದ ಲಿಪಿಗಳ ಒತ್ತಕ್ಷರಗಳನ್ನು ಒಂದೇ ಘಟಕವಾಗಿ ಹಿಡಿಯುವ ನಿಯಮವು 2023ರಲ್ಲಿ ಯೂನಿಕೋಡ್ 15.1ರೊಂದಿಗೆ ಬಂದಾಗ ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಆದ್ದರಿಂದ ಕತ್ತರಿಸುವುದನ್ನೇ ಕೈಬಿಟ್ಟೆವು. ಸೆಲ್‌ನ ಪೂರ್ಣ ಪಠ್ಯ ಬ್ರೌಸರ್‌ಗೆ ಬರುತ್ತದೆ, ಅಗಲಕ್ಕೆ ಮೀರಿದ ಭಾಗವನ್ನು ಸ್ಟೈಲ್‌ಶೀಟ್ ಮರೆಮಾಡುತ್ತದೆ, ಸೆಲ್ ಆಯ್ದ ಕೂಡಲೇ ಪಕ್ಕದ ಫಲಕದಲ್ಲಿ ಇಡೀ ಪಠ್ಯ ಕಾಣುತ್ತದೆ. ಬಹಳ ದೊಡ್ಡ ಪಠ್ಯಗಳಿಗೆ ಮಾತ್ರ ಮಿತಿ ಇಟ್ಟು, ಇದು ಪೂರ್ಣವಲ್ಲ ಎಂದು ಸೆಲ್‌ನಲ್ಲಿಯೇ ಹೇಳುತ್ತೇವೆ.

ಕಣ್ಣಿಗೆ ಕಾಣದ ಸಂಕೇತಗಳು ಇದಕ್ಕಿಂತ ಕಠಿಣ ಸಮಸ್ಯೆ. ಹಳೆಯ ನುಡಿ, ಬರಹ ತಂತ್ರಾಂಶಗಳ ಕಡತಗಳಿಂದ ಯೂನಿಕೋಡ್‌ಗೆ ಪರಿವರ್ತನೆಯಾಗಿ ಬಂದ ಹೆಸರುಗಳಲ್ಲಿ ‘ಕುಮಾರ್’ ಎಂಬುದರ ಕೊನೆಗೆ ಶೂನ್ಯ ಅಗಲದ ಬೇರ್ಪಡಿಕೆ ಸಂಕೇತವೊಂದು ಅಂಟಿಕೊಂಡಿರುವುದುಂಟು. ಅದು ಇದ್ದರೂ ಇಲ್ಲದಿದ್ದರೂ ಹೆಸರು ಒಂದೇ ರೀತಿ ಕಾಣುತ್ತದೆ, ಡೇಟಾಬೇಸ್‌ಗೆ ಮಾತ್ರ ಅವು ಎರಡು ಬೇರೆ ಹೆಸರುಗಳು. ‘ಕೊ’ದಲ್ಲಿರುವ ಸ್ವರಚಿಹ್ನೆಯನ್ನೂ ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ದೀರ್ಘ ಉಕಾರದ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣೆದುರಿಗೇ ಇರುವ ಸದಸ್ಯರನ್ನು ಹುಡುಕಾಟ ‘ಇಲ್ಲ’ ಎನ್ನುವುದಕ್ಕೆ ಬಹಳ ಸಲ ಕಾರಣ ಇದೇ. ಪೋಸ್ಟ್‌ಗ್ರೆಸ್‌ನ 13ನೆಯ ಆವೃತ್ತಿಯಿಂದ ಇರುವ ಒಂದೇ ಅಕ್ಷರದ ಬೇರೆ ಬೇರೆ ಸಂಕೇತಜೋಡಣೆಗಳನ್ನು ಒಂದೇ ರೂಪಕ್ಕೆ ತರುವ ನಾರ್ಮಲೈಸ್ ಫಂಕ್ಷನ್ ಎರಡನೆಯ ತೊಡಕನ್ನು ಬಗೆಹರಿಸುತ್ತದೆ, ಮೊದಲನೆಯದನ್ನು ಬಗೆಹರಿಸುವುದಿಲ್ಲ. ಏಕೆಂದರೆ ‘ರಾಜ್‌ಕುಮಾರ್’ ಎಂಬಲ್ಲಿ ಜ ಮತ್ತು ಕ ಒಂದರ ಕೆಳಗೊಂದು ಸೇರದಂತೆ ತಡೆಯುವುದು ಅದೇ ಬೇರ್ಪಡಿಕೆ ಸಂಕೇತ, ಅದನ್ನು ಎಲ್ಲೆಡೆ ಅಳಿಸಿಹಾಕುವುದು ಸಲ್ಲದು. ಹೀಗಾಗಿ ಹುಡುಕುವಾಗ ಮಾತ್ರ ಆ ಸಂಕೇತವನ್ನು ಬಿಟ್ಟು ಹೋಲಿಸುತ್ತೇವೆ, ದಾಖಲೆಯನ್ನು ಇದ್ದಂತೆಯೇ ಇಡುತ್ತೇವೆ, ಮತ್ತು ಬೇಕೆಂದವರಿಗೆ ಸೆಲ್‌ನಲ್ಲಿ ಆ ಸಂಕೇತಗಳ ಜಾಗವನ್ನು ಸಣ್ಣ ಚುಕ್ಕೆಯಿಂದ ತೋರಿಸುವ ಆಯ್ಕೆ ಕೊಟ್ಟಿದ್ದೇವೆ. ಇಡೀ ಮರುವಿನ್ಯಾಸದಲ್ಲಿ ಸಪೋರ್ಟ್ ವಿಭಾಗದವರು ಅತ್ಯಂತ ಹೆಚ್ಚು ಮೆಚ್ಚಿದ್ದು ಈ ಚುಕ್ಕೆಯನ್ನು. ನನಗೂ ಇದರ ಮೇಲೆ ಅಭಿಮಾನವಿದೆ, ಏಕೆಂದರೆ ಕನ್ನಡದಲ್ಲಿ ದಾಖಲೆ ಇಡುವ ಯಾವುದೇ ಸಂಸ್ಥೆಗೂ ಇದು ಬೇಕಾಗುವ ಸೌಲಭ್ಯ.

ನಲ್ (ಮೌಲ್ಯವೇ ದಾಖಲಾಗಿಲ್ಲ ಎಂಬ ಸ್ಥಿತಿ) ಮತ್ತು ಖಾಲಿ ಪಠ್ಯದ ಭೇದವನ್ನು ಬೇಗ ಮುಗಿಸಿದೆವು: ನಲ್ ಇರುವ ಸೆಲ್‌ನಲ್ಲಿ ಮಸುಕಾದ ಗುರುತು, ತಿದ್ದುವ ಪೆಟ್ಟಿಗೆಯ ಪಕ್ಕದಲ್ಲಿ ಪ್ರತ್ಯೇಕ ಗುಂಡಿ. ಪೆಟ್ಟಿಗೆಯನ್ನು ಖಾಲಿ ಮಾಡಿದ ಮಾತ್ರಕ್ಕೆ ಮೌಲ್ಯ ತಾನಾಗಿ ನಲ್ ಆಗುವುದಿಲ್ಲ.

ಒಟ್ಟು ದಾಖಲೆಗಳ ಎಣಿಕೆಯ ಬಗ್ಗೆ ತಂಡದಲ್ಲಿ ಸಾಕಷ್ಟು ವಾದ ನಡೆಯಿತು. ಒಂದೇ ರೋದ (ಟೇಬಲ್‌ನ ಒಂದು ಸಾಲಿನ) ಹಲವು ಆವೃತ್ತಿಗಳನ್ನು ಪೋಸ್ಟ್‌ಗ್ರೆಸ್ ಏಕಕಾಲಕ್ಕೆ ಇಟ್ಟುಕೊಂಡಿರಬಹುದು. ಅವುಗಳಲ್ಲಿ ಎಣಿಸುತ್ತಿರುವ ಟ್ರಾನ್ಸಾಕ್ಷನ್‌ಗೆ (ಪೂರ್ತಿಯಾಗಿ ನಡೆಯುವ ಇಲ್ಲವೇ ಪೂರ್ತಿಯಾಗಿ ರದ್ದಾಗುವ ಡೇಟಾಬೇಸ್ ಕೆಲಸಗಳ ಗುಂಪಿಗೆ) ಕಾಣಬೇಕಾದದ್ದು ಯಾವುದೆಂದು ನಿರ್ಧರಿಸದೆ ಅದು ಎಣಿಸಲಾರದು. ಆದ್ದರಿಂದ ದೊಡ್ಡ ಟೇಬಲ್‌ನ ಪೂರ್ಣ ಎಣಿಕೆಗೆ ಇಡೀ ಟೇಬಲನ್ನೋ ಅದರ ಇಂಡೆಕ್ಸನ್ನೋ (ಹುಡುಕಾಟದ ಸೂಚಿಯನ್ನೋ) ಓದಲೇಬೇಕಾಗುತ್ತದೆ. ಹಳೆಯ ಪ್ಯಾನೆಲ್ ಪ್ರತಿ ಪುಟಕ್ಕೂ ಇದನ್ನು ಮಾಡುತ್ತಿದ್ದುದರಿಂದಲೇ ಅಷ್ಟು ನಿಧಾನವಾಗಿತ್ತು. ಈಗ ವ್ಯವಸ್ಥೆಯ ಕೋಷ್ಟಕದಲ್ಲಿರುವ ಅಂದಾಜನ್ನು ‘ಸುಮಾರು’ ಎಂಬ ಪದದೊಂದಿಗೆ ತೋರಿಸುತ್ತೇವೆ, ನಿಖರ ಸಂಖ್ಯೆ ಬೇಕಾದವರು ಗುಂಡಿ ಒತ್ತಿ ಎಣಿಸಿಕೊಳ್ಳುತ್ತಾರೆ. ವ್ಯಾಕ್ಯೂಮ್ (ಹಳೆಯ ಆವೃತ್ತಿಗಳ ಸ್ವಚ್ಛತೆ) ಆಗಲಿ ಅನಲೈಸ್ (ಅಂಕಿಅಂಶ ಸಂಗ್ರಹ) ಆಗಲಿ ಒಮ್ಮೆಯೂ ನಡೆಯದ ಟೇಬಲ್‌ಗೆ 14ನೆಯ ಆವೃತ್ತಿಯಿಂದ ಆ ಅಂದಾಜಿನ ಜಾಗದಲ್ಲಿ -1 ಇರುತ್ತದೆ. ಅದನ್ನು ಸೊನ್ನೆಯೆಂದು ತೋರಿಸದೆ ‘ಇನ್ನೂ ಅಂದಾಜಿಲ್ಲ’ ಎಂದು ಬರೆಯುತ್ತೇವೆ. ‘ಸುಮಾರು’ ಎಂದರೆ ಜನ ಗೊಂದಲಕ್ಕೆ ಬೀಳುತ್ತಾರೆ ಎಂಬ ಆಕ್ಷೇಪ ಬಂದಿತ್ತು. ಅಂದಾಜನ್ನು ನಿಖರವೆಂದು ತೋರಿಸುವುದಕ್ಕಿಂತ ಆ ಪದವನ್ನು ವಿವರಿಸುವುದೇ ಮೇಲೆಂದು ನಾನು ಪಟ್ಟು ಹಿಡಿದೆ, ಈಗಲೂ ಅದೇ ನನ್ನ ನಿಲುವು.

ತಿದ್ದುವ ಮತ್ತು ಅಳಿಸುವ ಭಾಗ ಸದ್ಯ ಒಂದು ವಿಭಾಗದ ಬಳಕೆಯಲ್ಲಿದೆ. ‘ಖಚಿತವೇ?’ ಎಂದು ಕೇಳುವ ಕಿಟಕಿಯನ್ನು ತೆಗೆದುಹಾಕಿದ್ದೇವೆ. ದಿನವೂ ಅದನ್ನು ಕಾಣುವವರು ಓದದೆಯೇ ಒತ್ತುತ್ತಾರೆ, ಮತ್ತು ಏನು ಆಗಲಿದೆ ಎಂಬುದನ್ನು ಆ ಪ್ರಶ್ನೆ ತಿಳಿಸುವುದೇ ಇಲ್ಲ. ಅದರ ಬದಲು ಬದಲಾವಣೆಯನ್ನು ಮೊದಲು ಟ್ರಾನ್ಸಾಕ್ಷನ್‌ನೊಳಗೆ ಓಡಿಸಿ, ಎಷ್ಟು ರೋಗಳು ಬದಲಾದವು ಎಂಬ ಎಣಿಕೆಯನ್ನೂ ಕೆಲವು ಮಾದರಿ ರೋಗಳನ್ನೂ ತೆಗೆದುಕೊಂಡು ಕೂಡಲೇ ರೋಲ್‌ಬ್ಯಾಕ್ ಮಾಡುತ್ತೇವೆ, ಅಂದರೆ ಬದಲಾವಣೆಯನ್ನು ಹಿಂತೆಗೆಯುತ್ತೇವೆ. ಬಳಕೆದಾರರು ಅದನ್ನು ನೋಡಿ ಒಪ್ಪಿದ ಮೇಲೆ ಎರಡನೆಯ ಸಲ ಓಡಿಸಿ, ಎಣಿಕೆ ಮೊದಲಿನಷ್ಟೇ ಬಂದರೆ ಮಾತ್ರ ಕಮಿಟ್ ಮಾಡುತ್ತೇವೆ, ಅಂದರೆ ಶಾಶ್ವತಗೊಳಿಸುತ್ತೇವೆ. ಒಂದೇ ಟ್ರಾನ್ಸಾಕ್ಷನ್ ತೆರೆದಿಟ್ಟುಕೊಂಡು ಬಳಕೆದಾರರ ಉತ್ತರಕ್ಕೆ ಕಾಯುವುದು ಸುಲಭವಾಗಿತ್ತು. ಆದರೆ ಅವರು ಊಟಕ್ಕೆ ಎದ್ದು ಹೋದರೆ ಆ ರೋಗಳ ಮೇಲಿನ ಲಾಕ್ ಹಾಗೆಯೇ ಉಳಿದು, ಅದೇ ಖಾತೆಗೆ ಹಣ ಕಟ್ಟಲು ಬಂದವರು ಕೌಂಟರ್ ಮುಂದೆ ನಿಲ್ಲಬೇಕಾಗುತ್ತದೆ. ಈ ವಿಧಾನಕ್ಕೂ ಮಿತಿಗಳಿವೆ. ಸೀಕ್ವೆನ್ಸ್‌ಗಳು (ಹೊಸ ದಾಖಲೆಗಳಿಗೆ ಕ್ರಮಸಂಖ್ಯೆ ಕೊಡುವ ಎಣಿಕೆಗಳು) ರೋಲ್‌ಬ್ಯಾಕ್‌ನಿಂದ ಹಿಂದಕ್ಕೆ ಬರುವುದಿಲ್ಲ, ಹೊರಗಿನ ಸೇವೆಯನ್ನು ಕರೆಯುವ ಟ್ರಿಗರ್ (ದಾಖಲೆ ಬದಲಾದಾಗ ತಾನಾಗಿ ಓಡುವ ಆದೇಶ) ಇದ್ದರೆ ಆ ಕರೆಯನ್ನು ಹಿಂತೆಗೆದುಕೊಳ್ಳಲಾಗದು; ಅಂಥ ಟೇಬಲ್‌ಗಳನ್ನು ಈ ಸೌಲಭ್ಯದಿಂದ ಹೊರಗಿಟ್ಟಿದ್ದೇವೆ.

ಕ್ವೆರಿ ಪುಟದ ಕೆಲಸ ಈಗ ನಡೆಯುತ್ತಿದೆ. ಬ್ರೌಸರ್‌ನ ಟ್ಯಾಬ್ ಮುಚ್ಚಿದರೆ ಕ್ವೆರಿಯೂ ನಿಂತಿತೆಂದು ಬಹಳ ಜನ ತಿಳಿಯುತ್ತಾರೆ, ಆದರೆ ಸರ್ವರ್‌ನಲ್ಲಿ ಅದು ಮುಂದುವರಿಯುತ್ತಲೇ ಇರಬಹುದು. ಹೊಸ ಪುಟದಲ್ಲಿ ಪ್ರತಿ ಕ್ವೆರಿಗೂ ಕಾಲಮಿತಿ ಇದೆ, ನಿಲ್ಲಿಸುವ ಗುಂಡಿ ಆಯಾ ಸೆಷನ್‌ಗೆ ನಿಜವಾದ ರದ್ದತಿ ಸೂಚನೆಯನ್ನು ಕಳಿಸುತ್ತದೆ, ಮತ್ತು ಸರ್ವರ್‌ನಿಂದ ‘ನಿಂತಿದೆ’ ಎಂಬ ಉತ್ತರ ಬರುವವರೆಗೂ ಪರದೆ ‘ನಿಲ್ಲಿಸಲಾಗುತ್ತಿದೆ’ ಎಂದೇ ತೋರಿಸುತ್ತದೆ. ಇದರ ಜೊತೆಗೆ ಮೌಸ್ ಇಲ್ಲದೆ ಕೀಲಿಮಣೆಯಿಂದಲೇ ಗ್ರಿಡ್‌ನಲ್ಲಿ ಓಡಾಡುವ ವ್ಯವಸ್ಥೆಯನ್ನೂ, ಪಠ್ಯಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಹೊಳಪಿನ ವ್ಯತ್ಯಾಸದ ನಿಯಮವನ್ನೂ ಎಲ್ಲ ಪುಟಗಳಿಗೆ ಅನ್ವಯಿಸುತ್ತಿದ್ದೇವೆ.

ಇನ್ನೂ ಕೈಹಾಕದೆ ಉಳಿದಿರುವುದು ಹಕ್ಕುಗಳ ಪುಟ. ಒಬ್ಬರಿಗೆ ಒಂದು ಟೇಬಲ್ ತಿದ್ದುವ ಹಕ್ಕಿದೆಯೇ ಎಂದು ಕೇಳಿದರೆ ಪೋಸ್ಟ್‌ಗ್ರೆಸ್ ಹೌದು ಅಥವಾ ಇಲ್ಲ ಎನ್ನುತ್ತದೆ. ಆ ಹಕ್ಕು ಯಾವ ರೋಲ್‌ನ (ಹಕ್ಕುಗಳನ್ನು ಹೊಂದಿರುವ ಬಳಕೆದಾರ ಅಥವಾ ಗುಂಪಿನ) ಮೂಲಕ ಅವರಿಗೆ ಬಂತು ಎಂಬುದನ್ನು ಆ ಉತ್ತರ ಹೇಳುವುದಿಲ್ಲ. ರೋಲ್‌ನೊಳಗೆ ರೋಲ್ ಇರುವ ನಮ್ಮ ವ್ಯವಸ್ಥೆಯಲ್ಲಿ, ಹಕ್ಕನ್ನು ಹಿಂಪಡೆಯಬೇಕಾದವರಿಗೆ ಬೇಕಿರುವುದು ಆ ದಾರಿಯೇ. ಸದಸ್ಯತ್ವದ ಕೋಷ್ಟಕದಿಂದ ಅದನ್ನು ಹುಡುಕಿ ತೆಗೆಯುವ ಕ್ವೆರಿ ಸಿದ್ಧವಾಗಿದೆ, ಅದನ್ನು ಪರದೆಯ ಮೇಲೆ ಹೇಗೆ ಜೋಡಿಸಬೇಕೆಂಬುದರ ಕರಡುಗಳನ್ನು ಮುಂದಿನ ವಾರ ಸಪೋರ್ಟ್ ವಿಭಾಗದವರ ಮುಂದೆ ಇಡುತ್ತಿದ್ದೇವೆ.