ಒಲೆ ಪಕ್ಕದ ಡಬ್ಬಗಳ ಜಿಡ್ಡು: ಇಲ್ಲಿವರೆಗೆ ಆದ ಕೆಲಸ

ಶನಿವಾರ

ಒಲೆ ಪಕ್ಕದ ಶೆಲ್ಫ್ ಪೂರ್ತಿ ಖಾಲಿ ಮಾಡಿದೆ. ಬೇಳೆ ಡಬ್ಬಗಳು, ಸಾಸಿವೆ ಜೀರಿಗೆಯ ಸಣ್ಣ ಡಬ್ಬಿಗಳು, ಎಣ್ಣೆ ಕ್ಯಾನು, ಟೀ ಸೋಸುವ ಜಾಲರಿ. ಎಲ್ಲದರ ಮೇಲೂ ಅದೇ ಕಂದು ಅಂಟು. ಉಗುರಿನಿಂದ ಕೆರೆದರೆ ಮೇಣದ ಹಾಗೆ ಸುರುಳಿಯಾಗಿ ಬರುತ್ತದೆ.

ಬರೀ ಎಣ್ಣೆಯಾಗಿದ್ದರೆ ಪಾತ್ರೆ ಸೋಪಿಗೇ ಹೋಗಬೇಕಿತ್ತು, ಅಲ್ವಾ? ಒಗ್ಗರಣೆ ಹಾಕುವಾಗ ಹಾರುವ ಎಣ್ಣೆಯ ಸಣ್ಣ ಹನಿಗಳು ಡಬ್ಬದ ಮೇಲೆ ಕೂರುತ್ತವೆ. ಗಾಳಿ, ಬಿಸಿ ತಾಗಿ ನಿಧಾನಕ್ಕೆ ಗಟ್ಟಿಯಾಗುತ್ತವೆ. ಸೂರ್ಯಕಾಂತಿ ಎಣ್ಣೆ ಹೀಗಾಗುವುದು ಜಾಸ್ತಿ, ಕೊಬ್ಬರಿ ಎಣ್ಣೆ ಕಡಿಮೆ. ಇಷ್ಟು ಹಳೆಯದಾದ ಮೇಲೆ ಇದನ್ನು ಉಜ್ಜಿ ತೆಗೆಯುವುದು ಕಷ್ಟ. ಸ್ಟೀಲ್ ನಾರು ಹಾಕಿದರೆ ಪ್ಲಾಸ್ಟಿಕ್ ಗೀರುಬೀಳುತ್ತದೆ, ಮುಂದಿನ ಜಿಡ್ಡು ಆ ಗೀರಿನೊಳಗೇ ಸೇರಿಕೊಳ್ಳುತ್ತದೆ. ಹಾಗಾಗಿ ನೆನೆಸಿಯೇ ಬಿಡಿಸುವುದು.

ಇವತ್ತು ಡಬ್ಬಗಳ ತಳ ನೋಡಿ ವಿಂಗಡಿಸಿದ್ದಷ್ಟೇ. ತ್ರಿಕೋನದೊಳಗೆ 5 ಇದ್ದರೆ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್, ಬಿಸಿ ನೀರು ತಡೆಯುತ್ತದೆ. 1 ಇದ್ದರೆ ಪೆಟ್, ಕುದಿವ ನೀರು ಬಿದ್ದರೆ ಸೊಟ್ಟಗಾಗುತ್ತದೆ. 7 ಇರುವ ಗಟ್ಟಿ ಪಾರದರ್ಶಕ ಸಾಮಾನು ಎಷ್ಟೋ ಸಲ ಪಾಲಿಕಾರ್ಬನೇಟ್. ಅದಕ್ಕೆ ವಾಷಿಂಗ್ ಸೋಡಾ ಆಗುವುದಿಲ್ಲ, ಮಂಕಾಗಿ ಬಿರುಕು ಬಿಡುತ್ತದೆ.

ಭಾನುವಾರ

5ರ ಗುಂಪು ಬಕೆಟ್ಟಿಗೆ. ಕೈ ತಡೆಯುವಷ್ಟು ಬಿಸಿ ನೀರು, ಲೀಟರಿಗೆ ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ, ಅರ್ಧ ಗಂಟೆ. ಅಡುಗೆ ಸೋಡಾ ಇಲ್ಲಿ ಸಾಲುವುದಿಲ್ಲ. ಅದರ ಪಿಎಚ್, ಅಂದರೆ ಕ್ಷಾರದ ಅಳತೆ, ಸುಮಾರು 8, ವಾಷಿಂಗ್ ಸೋಡಾದ್ದು 11ರ ಆಸುಪಾಸು. ಈ ಕ್ಷಾರಕ್ಕೇ ಜಿಡ್ಡು ಸಡಿಲವಾಗಿ, ಸ್ವಲ್ಪ ಭಾಗ ಸೋಪೇ ಆಗಿಬಿಡುತ್ತದೆ. ಕೈಗೆ ಗ್ಲೌಸ್ ಬೇಕೇ ಬೇಕು. ಅಲ್ಯುಮಿನಿಯಂ ಪಾತ್ರೆ ಈ ನೀರಿಗೆ ಹಾಕಬಾರದು, ಕಪ್ಪಾಗುತ್ತದೆ.

ನೀರು ಕಡು ಟೀ ಬಣ್ಣಕ್ಕೆ ತಿರುಗಿತು. ಡಬ್ಬದ ಮೈ ಮೇಲಿನದು ಬಟ್ಟೆಯಲ್ಲಿ ಒರೆಸಿದರೆ ಬಂತು. ಮುಚ್ಚಳದ ತಿರುಪು ಇರುವ ಜಾಗದಲ್ಲಿ ಮಾತ್ರ ಹಳೇ ಟೂತ್‌ಬ್ರಶ್ ಬೇಕಾಯಿತು. ತಿರುಪಿನ ಗುಂಟ ಸುತ್ತಿಸಿದಾಗ ಧೂಳು, ಹಿಟ್ಟು, ಎಣ್ಣೆ ಸೇರಿದ ದಾರದಂಥ ಎಳೆ ಪೂರ್ತಿ ಎದ್ದು ಬಂತು. ಕೆಳಗೆ ಮುಚ್ಚಳದ ನಿಜವಾದ ಹಸಿರು ಬಣ್ಣ ಕಂಡಾಗ ತುಂಬಾ ಖುಷಿಯಾಯಿತು.

ಪೆಟ್ ಡಬ್ಬಗಳಿಗೆ ಬೇರೆ ದಾರಿ. ಬಟ್ಟೆಗೆ ಕೊಬ್ಬರಿ ಎಣ್ಣೆ ಹಚ್ಚಿ ಅಂಟಿನ ಮೇಲೆ ತಿಕ್ಕಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿದೆ. ಹೊಸ ಎಣ್ಣೆ ಹಳೇ ಅಂಟನ್ನು ಮೆತ್ತಗೆ ಮಾಡುತ್ತದೆ. ಆಮೇಲೆ ಪಾತ್ರೆ ಸೋಪು, ಉಗುರುಬೆಚ್ಚಗಿನ ನೀರು. ಸಮಯ ಜಾಸ್ತಿ ಹಿಡಿಯಿತು, ಆದರೆ ಒಂದು ಡಬ್ಬವೂ ಸೊಟ್ಟಗಾಗಲಿಲ್ಲ.

ಬುಧವಾರ

ಸಾಂಬಾರ್ ಇಡುವ ಡಬ್ಬದ ಹಳದಿ. ಇದು ಜಿಡ್ಡಲ್ಲ, ಅರಿಶಿನದ ಬಣ್ಣವಾದ ಕರ್ಕ್ಯುಮಿನ್ ಎಣ್ಣೆ ಜೊತೆ ಪ್ಲಾಸ್ಟಿಕ್ಕಿನೊಳಗೇ ಇಳಿದಿರುವುದು. ಸೋಡಾದಲ್ಲಿ ನೆನೆಸಿದರೆ ಕೆಂಪಗಾಗುತ್ತದೆ, ಹೋಗುವುದಿಲ್ಲ. ಇದಕ್ಕೆ ಬಿಸಿಲೇ ಮದ್ದು. ತೊಳೆದು ತಾರಸಿ ಮೇಲೆ ಬಾಯಿ ಮೇಲಾಗಿಟ್ಟೆ, ಸಂಜೆಗೆ ಬಣ್ಣ ಅರ್ಧ ಇಳಿದಿತ್ತು. ಹಾಗಂತ ವಾರಗಟ್ಟಲೆ ಬಿಟ್ಟರೆ ಪ್ಲಾಸ್ಟಿಕ್ ಪೆಡಸಾಗಬಹುದು.

ನೀರಿನ ಜಗ್ಗಿನ ಒಳಗಿನ ಬಿಳಿ ಕಲೆ ಬೋರ್‌ವೆಲ್ ನೀರಿನದು. ಅದಕ್ಕೆ ನಿಂಬೆರಸ ಸಾಕಾಯಿತು. ಹುಳಿಯನ್ನೂ ಸೋಡಾವನ್ನೂ ಬೆರೆಸಿ ಹಾಕುವುದು ನೋಡಿದ್ದೇನೆ. ನೊರೆ ಬರುತ್ತದೆ ನಿಜ, ಆದರೆ ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತದೆ. ಬೇರೆ ಬೇರೆ ಬಳಸಿದರೇ ಕೆಲಸ. ಬ್ಲೀಚಿಗಂತೂ ಯಾವ ಹುಳಿಯನ್ನೂ ಸೇರಿಸಬಾರದು, ಕ್ಲೋರಿನ್ ಅನಿಲ ಬರುತ್ತದೆ.

ಬಾಕಿ ಇರುವುದು: ಮಿಕ್ಸಿಯ ಪಾರದರ್ಶಕ ಮುಚ್ಚಳ, ಅದರ ರಬ್ಬರ್ ವಾಷರ್, ಎಣ್ಣೆ ಕ್ಯಾನಿನ ಹಿಡಿ. ಮುಚ್ಚಳದ ಮೇಲೆ ಅಂಕಿ ಇಲ್ಲ, ಹಾಗಾಗಿ ಅದಕ್ಕೆ ಸೋಡಾ ಮುಟ್ಟಿಸುವುದಿಲ್ಲ. ಕೊಬ್ಬರಿ ಎಣ್ಣೆಯಿಂದಲೇ ಶುರು.