ಹಳೆ ಕೆಂಪಿನ ಕಡಗ: ಕೆಡುವುದು ಹರಳಲ್ಲ, ಹರಳಿನ ಬೆನ್ನು

ಹಬ್ಬದ ಹಿಂದಿನ ದಿನ ಒಡವೆಗಳನ್ನೆಲ್ಲ ಅಂಟುವಾಳದ ಬಿಸಿನೀರಿಗೆ ಹಾಕಿ ಉಜ್ಜುವುದು ಎಷ್ಟೋ ಮನೆಗಳ ರೂಢಿ. ಸಾದಾ ಸರ, ಬಳೆಗಳಿಗೆ ಅದು ಒಳ್ಳೆಯ ಉಪಾಯವೇ. ಕೆಂಪು, ಅಂದರೆ ಮಾಣಿಕ್ಯ, ಕೂರಿಸಿದ ಹಳೆ ಕಡಗಕ್ಕೆ ಮಾತ್ರ ಅದೇ ಕುತ್ತು. ಕೆಲವು ತಿಂಗಳಲ್ಲಿ ನಾಲ್ಕಾರು ಹರಳು ಮಂಕಾಗಿ ಕಪ್ಪಿಡುತ್ತವೆ. "ಕೆಂಪು ಕೆಟ್ಟಿತು" ಅನ್ನುತ್ತಾರೆ. ಗಡಸುತನದಲ್ಲಿ ವಜ್ರ 10 ಆದರೆ ಕೆಂಪು 9. ಅದು ಅಂಟುವಾಳಕ್ಕೆ ಕೆಡುವ ಕಲ್ಲಲ್ಲ. ಕೆಟ್ಟಿರುವುದು ಅದರ ಬೆನ್ನು.

ದಪ್ಪ ಕಾಣುವ ಈ ಕಡಗ ಸಾಮಾನ್ಯವಾಗಿ ಒಳಗೆ ಪೊಳ್ಳು. ಚಿನ್ನದ ತಗಡನ್ನು ಬಗ್ಗಿಸಿ, ಬೆಸೆದು, ಹೊಟ್ಟೆಗೆ ಅರಗು ತುಂಬಿರುತ್ತಾರೆ. ಮೇಲೆ ಹರಳಿಗೊಂದು ಗೂಡು. ಗೂಡಿನ ತಳದಲ್ಲೂ ಅರಗು, ಅದರ ಮೇಲೆ ತೆಳ್ಳನೆಯ ಹೊಳಪಿನ ಹಾಳೆ, ಹಾಳೆಯ ಮೇಲೆ ಹರಳು. ಕೊನೆಗೆ ಸುತ್ತಲಿನ ಸಂದಿಗೆ ಅಪ್ಪಟ ಚಿನ್ನದ ಎಳೆಯನ್ನು ಉಕ್ಕಿನ ಮೊನೆಯಿಂದ ಒತ್ತಿ ಒತ್ತಿ ಕೂರಿಸುತ್ತಾರೆ. ಇದೇ ಕುಂದಣ. 24 ಕ್ಯಾರೆಟ್ ಚಿನ್ನ ಎಷ್ಟು ಮೆದುವೆಂದರೆ ಬೆಂಕಿಯೇ ಇಲ್ಲದೆ, ಬರೀ ಒತ್ತಡಕ್ಕೆ ಪದರಕ್ಕೆ ಪದರ ಅಂಟಿಕೊಳ್ಳುತ್ತದೆ. ಹಿಂಬದಿ ಮುಚ್ಚಿದ್ದರಿಂದ ಹರಳಿನೊಳಗೆ ಹೋದ ಬೆಳಕನ್ನು ತಿರುಗಿ ಕಳಿಸುವುದು ಆ ಹಾಳೆಯೇ. ಕೂದಲೆಳೆಯಷ್ಟು ಸಂದಿಯಲ್ಲಿ ನೀರು ಇಳಿದರೆ ಹಾಳೆ ಕರೆಗಟ್ಟುತ್ತದೆ, ಹರಳು ಸತ್ತಂತೆ ಕಾಣುತ್ತದೆ. ಒಳಗೆ ಹೋದ ನೀರಿಗೆ ಹೊರಬರಲು ದಾರಿಯೂ ಇಲ್ಲ.

ಅರಗಿಗೆ ಶತ್ರುಗಳು ಇನ್ನಿಬ್ಬರು. ಒಂದು ಬಿಸಿ: 70 ಡಿಗ್ರಿ ಆಸುಪಾಸಿನಲ್ಲೇ ಅದು ಮೆತ್ತಗಾಗುತ್ತದೆ. ಇನ್ನೊಂದು ಸ್ಪಿರಿಟ್. ಮರಗೆಲಸದವರು ಪಾಲಿಶ್‌ಗೆ ಅರಗನ್ನು ಕರಗಿಸುವುದೇ ಸ್ಪಿರಿಟ್ಟಿನಲ್ಲಿ. ಕೈಗೆ ಹಾಕುವ ಸ್ಯಾನಿಟೈಸರ್‌ನಲ್ಲೂ ಸೆಂಟಿನಲ್ಲೂ ಇರುವುದು ಅದೇ ಆಲ್ಕೋಹಾಲ್. ಮದುವೆಮನೆಗೆ ಹೊರಡುವಾಗ ಸೆಂಟು ಮೊದಲು, ಕಡಗ ಕೊನೆಗೆ.

ಹಾಗಾದರೆ ಶುಚಿ ಮಾಡುವುದು ಹೇಗೆ? ಮಗುವಿನ ಮೆತ್ತನೆಯ ಹಲ್ಲುಜ್ಜುವ ಬ್ರಷ್ ಸಾಕು, ಅದೂ ಒಣದು. ಕೆತ್ತನೆಯ ಸಂದಿಯಲ್ಲಿ ಕೂತ ಕುಂಕುಮ, ಹಿಟ್ಟನ್ನು ಕಡಗ ತಲೆಕೆಳಗೆ ಹಿಡಿದು ಉದುರಿಸಿ. ಜಿಡ್ಡಿದ್ದರೆ ಹತ್ತಿಬಟ್ಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಹನಿ ಬೀಳದಂತೆ ಹಿಂಡಿ, ಹರಳಿಲ್ಲದ ಒಳಮೈಯನ್ನಷ್ಟೇ ಒರೆಸಿ ನೆರಳಲ್ಲಿ ಆರಿಸಿ. ಟೂತ್‌ಪೇಸ್ಟ್ ಬೇಡ, ಮೆರುಗು ಹೋಗಿ ಗೀರು ಬೀಳುತ್ತದೆ. ಅಂಗಡಿಯಲ್ಲಿ "ಮಷಿನ್ ವಾಶ್ ಫ್ರೀ" ಅಂದರೆ ಕೈ ಮುಗಿದು ಬನ್ನಿ. ಅಲ್ಟ್ರಾಸಾನಿಕ್ ಯಂತ್ರವೆಂದರೆ ನೀರು, ಬಿಸಿ, ಕಂಪನ ಮೂರೂ ಒಟ್ಟಿಗೆ. ನಡುವೆ ಪಚ್ಚೆ ಇದ್ದರಂತೂ ಅದರ ಬಿರುಕಿಗೆ ತುಂಬಿದ ಎಣ್ಣೆಯೂ ಹೊರಟುಹೋಗುತ್ತದೆ.

ಹರಳಿನ ವಿಷಯಕ್ಕೆ ಬಂದರೆ, ಹಿಂದೆ "ಕೆಂಪು" ಅನ್ನುವ ಹೆಸರಿನಡಿ ಸ್ಪಿನೆಲ್ ಎಂಬ ಬೇರೆಯೇ ಕೆಂಪು ಕಲ್ಲೂ ಬಂದುಹೋಗಿದೆ. ಬ್ರಿಟನ್ನಿನ ರಾಜಕಿರೀಟದ ಮುಂಭಾಗದ "ಬ್ಲ್ಯಾಕ್ ಪ್ರಿನ್ಸ್ ರೂಬಿ"ಯೇ ಸ್ಪಿನೆಲ್ ಆಗಿರುವಾಗ ನಮ್ಮ ಮನೆಯ ಕಡಗದ್ದೇನು ಹೇಳುವುದು. ಕಿಟಕಿಯ ಬೆಳಕಿನಲ್ಲಿ 10 ಪಟ್ಟು ಹಿಗ್ಗಿಸಿ ತೋರಿಸುವ ಲೂಪ್ (ಅಕ್ಕಸಾಲಿಯ ಪುಟ್ಟ ಭೂತಗನ್ನಡಿ) ಹಿಡಿದು ನೋಡಿ. ಕೈಯಲ್ಲಿ ಉಜ್ಜಿದ ಹಳೆ ಹರಳುಗಳು ಒಂದರಂತೆ ಒಂದಿರುವುದಿಲ್ಲ; ಅಚ್ಚಿಗೆ ಹುಯ್ದಂತಿದ್ದರೆ ಅನುಮಾನ ಪಡಬೇಕು. ಒಳಗೆ ದುಂಡು ಗುಳ್ಳೆ, ಗ್ರಾಮಫೋನ್ ತಟ್ಟೆಯಂಥ ಬಾಗಿದ ಗೆರೆ ಕಂಡರೆ ಅದು ಕರಗಿಸಿ ಮಾಡಿದ ಕೆಂಪು. ಫ್ರಾನ್ಸಿನ ವೆರ್ನ್ಯೂಯಿ ಆ ವಿಧಾನವನ್ನು ಪ್ರಕಟಿಸಿದ್ದು 1902ರಲ್ಲಿ. ಕಡಗ ಅದಕ್ಕಿಂತ ಹಳೆಯದಾಗಿದ್ದರೆ ಆ ಹರಳು ನಡುವೆ ಯಾವಾಗಲೋ ಬದಲಾಗಿರುವ ಸಾಧ್ಯತೆಯೇ ಹೆಚ್ಚು.

ಕಡಗ ಮಾರುವಾಗ ತೂಕದ ಲೆಕ್ಕದಲ್ಲೇ ಹೆಚ್ಚು ಜಗಳ. 5 ಮಿಲಿಮೀಟರ್ ಅಗಲದ ದುಂಡು ಕೆಂಪು ಸುಮಾರು 0.6 ಕ್ಯಾರೆಟ್ (ಇದು ಕಲ್ಲಿನ ತೂಕದ ಅಳತೆ, ಚಿನ್ನದ ಶುದ್ಧತೆಯದಲ್ಲ) ಎಂದಿಟ್ಟುಕೊಳ್ಳಿ. ಅಂಥ 40 ಹರಳು ಸೇರಿದರೆ 24 ಕ್ಯಾರೆಟ್, ಕ್ಯಾರೆಟ್ಟಿಗೆ 0.2 ಗ್ರಾಂನಂತೆ 4.8 ಗ್ರಾಂ. ಅಂಗಡಿಯವರು ಬರೀ ಕಲ್ಲಿಗೆಂದು 12 ಗ್ರಾಂ ಕಳೆದರೆ ಲೆಕ್ಕ ಕೇಳಿ. ಅರಗು ನೀರಿಗಿಂತ ತುಸು ಭಾರ ಅಷ್ಟೆ. 22 ಕ್ಯಾರೆಟ್ ಚಿನ್ನ ನೀರಿನ 17 ಪಟ್ಟಿಗೂ ಮೀರಿ ತೂಗುತ್ತದೆ. ಹಾಗಾಗಿ ದಪ್ಪ ಕಡಗ ಕೈಗೆ ಹಗುರವಾಯಿತೆಂದು ಮೋಸ ಅನ್ನಬೇಕಿಲ್ಲ. ಇನ್ನು ಚಿನ್ನದ ಶುದ್ಧತೆ ಅಳೆಯುವ ಎಕ್ಸ್‌ರೇ ಯಂತ್ರ ನೋಡುವುದು ಮೇಲ್ಮೈಯನ್ನು ಮಾತ್ರ. ಕಿರಣ ಕುಂದಣದ ಮೇಲೆ ಬಿದ್ದರೆ ಅಪ್ಪಟ ಚಿನ್ನ ತೋರಿಸುತ್ತದೆ, ಬೆಸುಗೆಯ ಮೇಲೆ ಬಿದ್ದರೆ ಕಡಿಮೆ ತೋರಿಸುತ್ತದೆ. ಒಳಮೈಯ ಎರಡು ಮೂರು ಕಡೆ ಹಿಡಿಸಿ. ಕುಂದಣದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯದಿಂದ ವಿನಾಯಿತಿ ಇದೆ; ಮುದ್ರೆ ಇಲ್ಲದ ಮಾತ್ರಕ್ಕೆ ಬೆಲೆ ಇಳಿಸಲು ಬಿಡಬೇಡಿ.

ಕಡಗದಲ್ಲಿ ಮೊದಲು ಸವೆಯುವುದು ಅದನ್ನು ಬಿಗಿಯುವ ತಿರುಪು. ಪೂರ್ತಿ ಬಿಚ್ಚದೆ ಕಡಗವನ್ನು ಅಗಲಿಸಿ ಎಳೆದರೆ ತಿರುಪಿನ ಹಲ್ಲು ಹೋಗುತ್ತದೆ, ಕೀಲೂ ಸಡಿಲವಾಗುತ್ತದೆ. ಕೀಲಿಗೆ ಬೆಸುಗೆ ಬೇಕಾದರೆ ಎಚ್ಚರ. ಬೆಸುಗೆ ಕರಗಲು 700 ಡಿಗ್ರಿಯಾದರೂ ಬೇಕು, ಬೆರಳಗಲ ಆಚೆ 70ಕ್ಕೇ ಸೋಲುವ ಅರಗಿದೆ. ಬಲ್ಲ ಅಕ್ಕಸಾಲಿ ಹತ್ತಿರದ ಹರಳುಗಳನ್ನು ಬಿಡಿಸಿ, ಅರಗು ತೆಗೆದು, ಬೆಸೆದು, ಮತ್ತೆ ತುಂಬಿ ಕೂರಿಸುತ್ತಾನೆ. ಅದಕ್ಕೆ ದಿನಗಳು ಹಿಡಿಯುತ್ತವೆ, ಕೂಲಿಯೂ ಹೆಚ್ಚು. "ಈಗಲೇ ಕೂತಿರಿ, ಹತ್ತು ನಿಮಿಷ" ಅಂದವರ ಕೈಯಿಂದ ಕಡಗ ವಾಪಸು ತಗೊಳ್ಳಿ.

ಹರಳು ಉದುರಿದರೆ ಫೆವಿಕ್ವಿಕ್ ಮುಟ್ಟಬೇಡಿ. ಅದರ ಹಬೆಗೆ ಹರಳಿನ ಸುತ್ತ ಬಿಳಿಚು ಕಟ್ಟುತ್ತದೆ. ಅಂಟು ಗೂಡಿನಲ್ಲಿ ಗಟ್ಟಿಯಾದರೆ ಅದನ್ನು ಕೆರೆದು ತೆಗೆಯದೆ ಕುಂದಣ ಹಿಡಿಯುವುದಿಲ್ಲ. ಹರಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ತಿರುಪಿನಿಂದ ಎಷ್ಟನೆಯ ಗೂಡಿನದು ಎಂದು ಬರೆದಿಡಿ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಗುಲುಗುಲು ಸದ್ದಾದರೆ ಒಳಗಿನ ಅರಗು ಪುಡಿಯಾಗಿದೆ. ಅಂಥ ಕಡಗ ಸಣ್ಣ ಏಟಿಗೂ ನೆಗ್ಗುತ್ತದೆ, ತೊಡುವ ಮೊದಲು ಅರಗು ತುಂಬಿಸಿ. ರಿಪೇರಿಗೆ ಕೊಡುವಾಗ ಎರಡೂ ಬದಿಯ ಫೋಟೊ, ಒಟ್ಟು ತೂಕ, ಹರಳಿನ ಎಣಿಕೆ ಮೂರೂ ಚೀಟಿಯಲ್ಲಿರಲಿ.

ಹೊರದೇಶದಲ್ಲಿರುವ ಮಗಳಿಗೆ ಕೊಟ್ಟು ಕಳಿಸುವವರಿಗೆ ಒಂದು ಮಾತು. 1972ರ ಪುರಾವಸ್ತು ಕಾಯ್ದೆಯಂತೆ 100 ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ದೇಶದಾಚೆ ಒಯ್ಯುವಂತಿಲ್ಲ. ಕಡಗ ಅಷ್ಟು ಹಳೆಯದಲ್ಲದಿದ್ದರೂ ನೋಡಲು ಹಾಗೆ ಕಂಡರೆ, ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಪಡೆದಿಟ್ಟುಕೊಳ್ಳಿ.